ಪರಿಷ್ಕೃತ ಎರಡನೆಯ ಮುದ್ರಣ

ಪುಟ ನೂರ ಹನ್ನೆರಡು. ಏಳನೆಯ ಕುಳಿಯನ್ನು
ಕಡಲು ತಿಂದಿದೆ. ಹಾಗಂತ ಚೀಟಿ ಬಂದಿದೆ.
ಪೆನ್ಸಿಲ್ಲು ಚೂಪು ಮಾಡಿಕೊಂಡು ನಾನು
ಸ್ಕಾಟ್ಲೆಂಡಿನ ದಂಡೆಯನ್ನು ಅರ್ಧ ಅಂಗುಲ ಒಳಕ್ಕೆ ಸರಿಸುತ್ತೇನೆ,
ಮಂಡಿಪೇಟೆಯ ಮಾಳಿಗೆಯಲ್ಲಿ ಕೂತು.
ಕೆಳಗೆ ಮೆಣಸಿನಕಾಯಿ ಚೀಲ ಇಳಿಸುತ್ತಿದ್ದಾರೆ.
ಸೀನಿದ್ದಕ್ಕೆ ನಕ್ಷೆಯಲ್ಲಿ ಒಂದು ಮರ ಹೆಚ್ಚಾಯಿತು.
ಇರಲಿ, ನೆರಳಾದೀತು.

ಐರಣಿಯವರ ಪ್ರೆಸ್ಸಿಗೆ ಇದೊಂದು ಹುಚ್ಚು.
ಲಗ್ನಪತ್ರಿಕೆ, ಅಡತಿ ಅಂಗಡಿಯ ರಸೀದಿ, ಪಂಚಾಂಗ
ಅಚ್ಚು ಹಾಕುತ್ತಿದ್ದ ಯಂತ್ರ ಮೂವತ್ತು ವರ್ಷದ ಹಿಂದೆ
ಒಮ್ಮೆ ತಲೆ ಕೆಟ್ಟು
ಲೋಕದ ಗಾಲ್ಫ್ ಮೈದಾನಗಳ ಸಚಿತ್ರ ಕೈಪಿಡಿ ಹೆತ್ತಿತು.
ಸಾವಿರ ಪ್ರತಿ. ಗ್ರಂಥಾಲಯಕ್ಕೆ ಆರುನೂರು,
ಗೆದ್ದಲಿಗೆ ಇನ್ನೂರು, ಉಳಿದದ್ದು ಯಾರು ಓದಿದರೋ.
ಈಗ ಮತ್ತೆ ತರಬೇಕಂತೆ, ತಪ್ಪಿಲ್ಲದೆ.
‘ಶಾಂತವೀರಮ್ಮಾ, ಗಾಲ್ಫ್ ನೋಡಿದ್ದೀರಾ?’
‘ತಪ್ಪು ನೋಡಿದ್ದೇನೆ’ ಎಂದೆ.
ಕೆಲಸ ಕೊಟ್ಟರು.

ಪುಟ ತೊಂಬತ್ತರಲ್ಲಿ ಬ್ಲಾಕು ತಿರುವುಮುರುವು ಬಿದ್ದು
ಮೂವತ್ತು ವರ್ಷ ಎಡಗೈಯಲ್ಲೇ ಆಡಿದ ಮನುಷ್ಯನನ್ನು
ಬಲಗೈಗೆ ತಂದೆ.
ಹದಿನೇಳೇ ಕುಳಿಯಿದ್ದ ಮೈದಾನಕ್ಕೆ
ಹದಿನೆಂಟನೆಯದನ್ನು ಹುಡುಕಿದೆ; ಜಾಹೀರಾತಿನ ಅಡಿಯಲ್ಲಿತ್ತು.
ಹುಲ್ಲಿಗೆ ಮೂರು ಹಸಿರು ಬೇಕಂತೆ, ಬೋಳಿಸಿದ್ದು, ಕತ್ತರಿಸಿದ್ದು, ಬಿಟ್ಟದ್ದು.
ನಮ್ಮಲ್ಲಿರುವುದು ಒಂದೇ ಡಬ್ಬಿ,
ಅದೂ ಸಹಕಾರಿ ಬ್ಯಾಂಕಿನ ಕ್ಯಾಲೆಂಡರಿಗೆ ತಂದದ್ದು.

ಪುಟ ಇನ್ನೂರ ನಲವತ್ತು. ಚೀಟಿಯಲ್ಲಿ ಒಂದೇ ಪದ:
ತೆಗೆಯಿರಿ.
ನಮೂದು ಹೀಗಿದೆ. ದಾವಣಗೆರೆ, ಗಿರಣಿ ಸಾಹೇಬರ ಮೈದಾನ.
ಕುಳಿ ಆರು. ಹಸಿರಿಲ್ಲ.
ಜೊತೆಗೊಂದು ಚಿತ್ರ: ಕೋಲುಚೀಲ ಹೊತ್ತ ಹುಡುಗ.
ಅಂಚು ಕತ್ತರಿಸುವಾಗ ತಲೆ ಹೋಗಿದೆ.

ಬುಡೇನ್ ಸಾಬರು ಮಂಡಕ್ಕಿ ಭಟ್ಟಿಯಲ್ಲಿ
ಉಸುಕು ಜರಡಿ ಹಿಡಿಯುತ್ತಿದ್ದರು.
ಪುಟ ಇಸಕೊಂಡು ಮಸಿಗೈಯಲ್ಲೇ ಬೆಳಕಿಗೆ ಹಿಡಿದು
‘ಮಂಡಿ ನಂದು’ ಅಂದರು.
ಲುಂಗಿ ಒಂದಿಷ್ಟು ಎತ್ತಿ ಗಾಯದ ಕಲೆ ತೋರಿಸಿದರು.
ಚಿತ್ರದಲ್ಲಿ ನಾನದನ್ನು ಶಾಯಿಯ ಚುಕ್ಕೆ ಅಂದುಕೊಂಡು
ಅಳಿಸಲು ಗುರುತು ಹಾಕಿದ್ದೆ.

‘ಹಸಿರು ಎಲ್ಲೀದವ್ವಾ. ಇದೇ ಥರ ಉಸುಕು ಹರವಿ,
ನೂಲಿನ ಮಿಷಿನ್ನಿನ ಸುಟ್ಟೆಣ್ಣೆ ಸುರುವಿ ರೂಲು ಎಳೀತಿದ್ವಿ.
ಸಾಹೇಬ್ರು ಹೊಡೆದು ಹೋದಮ್ಯಾಲೆ
ಅವರ ಹೆಜ್ಜೆ ಗುಡಿಸೋದು ನನ್ನ ಕೆಲಸ. ನಾಲ್ಕಾಣೆ.
ಬ್ಯಾಸಿಗ್ಯಾಗೆ ಎರೆಹೊಲ ಬಾಯಿ ಬಿಡ್ತಿತ್ತಲ್ಲ,
ಚೆಂಡು ಅದ್ರಾಗೆ ಇಳಿದ್ರೆ ಮುಗೀತು.
ಮೊಳಕೈ ಮಟ ಕೈ ಹಾಕಿದ್ರೂ ಸಿಗ್ತಿದ್ದಿಲ್ಲ, ಚೇಳು ಸಿಗ್ತಿತ್ತು.
ಆ ಹೊಡ್ತ ಎಣಿಸಬೇಕೋ ಬ್ಯಾಡೋ ಅಂತ
ಇಬ್ರು ಸಾಹೇಬ್ರು ಮೂರು ತಿಂಗಳು ಮಾತು ಬಿಟ್ಟಿದ್ರು.’

ಕೊನೆಗೆ?

‘ಬ್ಯಾಡ ಅಂತ ಆತು. ನೆಲ ನುಂಗಿದ್ದಕ್ಕೆ
ಆಡೋನ ತಪ್ಪೇನೈತಿ.’
ಎದ್ದು ಬರುವಾಗ ಸೇರು ಮಂಡಕ್ಕಿ ಕಟ್ಟಿಕೊಟ್ಟರು,
ಪುಟ ವಾಪಸು ಕೊಡುವುದನ್ನು ಮರೆತರು.

ಈಗಲ್ಲಿ ಸೈಟು ಬಿದ್ದಿವೆ. ನಾಲ್ಕನೆಯ ಕುಳಿ
ಯಾರದೋ ಮನೆಯ ನೀರಿನ ಸಂಪು.
ಕಡಲು ತಿಂದದ್ದಕ್ಕೆ ಅಡಿಟಿಪ್ಪಣಿಯುಂಟು, ಬಣ್ಣದ ಪ್ಲೇಟುಂಟು,
ಮುಳುಗಿದ ಇಸವಿಯೂ ಉಂಟು.
ಸುಟ್ಟೆಣ್ಣೆಯ ವಾಸನೆಗೆ, ತಲೆಯಿಲ್ಲದ ಹುಡುಗನಿಗೆ
ಒಂದು ಪದ.
ತೆಗೆದೆ. ಚೀಟಿಗೆ ಎದುರಾಡುವ ಸಂಬಳವಲ್ಲ ನನ್ನದು.
ಮುಂದಿನ ಪುಟಗಳ ಅಂಕಿಯನ್ನೆಲ್ಲ ಒಂದೊಂದೇ ಹಿಂದಕ್ಕೆ ಎಳೆದೆ.

ಕೊನೆಯಲ್ಲಿ ಪದಕೋಶವಿದೆ. ಅದನ್ನು ಯಾರೂ ನೋಡುವುದಿಲ್ಲ,
ಐರಣಿಯವರಂತೂ ಬೆಲೆಯ ಪುಟ ಬಿಟ್ಟು ಬೇರೇನೂ.
ಬಂಕರ್, ಬರ್ಡಿ ಆದಮೇಲೆ, ಬೋಗಿಗೆ ಮೊದಲು
ಅಕಾರಾದಿಯಲ್ಲಿ ಎರಡು ಸಾಲಿನ ತೆರಪಿತ್ತು:

ಬಿರುಕು – ಬೇಸಿಗೆಯ ಎರೆನೆಲದಲ್ಲಿ ಚೆಂಡು ಇಳಿದು
ಸಿಗದೆ ಹೋಗುವ ಜಾಗ. ಹೊಡೆತ ಎಣಿಸುವುದಿಲ್ಲ.